ನೆಲ ನಮ್ಮದು, ಕರಾರು ಅವರದ್ದು: ಮೈಸೂರು, ಮಂಡ್ಯದ ಸಂಸ್ಥೆಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ವಿದೇಶಿ ವಿಶ್ವವಿದ್ಯಾಲಯಗಳು ಮತ್ತು ದಾನಿ ಸಂಸ್ಥೆಗಳ ಜೊತೆ ತಂತ್ರಜ್ಞಾನ ಯೋಜನೆಗಳಿಗೆ ಸಹಿ ಹಾಕುವ ಕುಲಪತಿಗಳು, ನಿರ್ದೇಶಕರು, ಪ್ರಾಂಶುಪಾಲರು ಮತ್ತು ಸ್ವಯಂಸೇವಾ ಸಂಸ್ಥೆಗಳ ಮುಖ್ಯಸ್ಥರು,
ಮೈಸೂರು ಮತ್ತು ಮಂಡ್ಯ ಜಿಲ್ಲೆ

ಮಾನ್ಯರೇ, ನಮಸ್ಕಾರ.

ನಾನು ಪಾಂಡವಪುರ ತಾಲ್ಲೂಕಿನವನು. ಕೃಷಿ ಡಿಪ್ಲೊಮಾ ಓದಿದ್ದೇನೆ. ಮನೆಯಲ್ಲಿ ಕಬ್ಬೂ ಇದೆ, ಭತ್ತವೂ ಇದೆ. ಕೆಲವು ವರ್ಷಗಳ ಹಿಂದೆ ಒಂದು ವಿದೇಶಿ ವಿಶ್ವವಿದ್ಯಾಲಯ ಮತ್ತು ನಮ್ಮ ಕಡೆಯ ಒಂದು ಸಂಸ್ಥೆ ಸೇರಿ ನಡೆಸಿದ ಯೋಜನೆಯಲ್ಲಿ ಕ್ಷೇತ್ರ ಸಹಾಯಕನಾಗಿ ಕೆಲಸ ಮಾಡಿದೆ. ಯೋಜನೆ ಸರಳ. ಕಬ್ಬಿನ ಗದ್ದೆಯಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್ ಹೂಳುವುದು. ಅದರ ಲೆಕ್ಕ ಸಿಮ್ ಕಾರ್ಡ್ ಮೂಲಕ ಸರ್ವರ್‌ಗೆ ಹೋಗುವುದು. ಅಲ್ಲಿಂದ ರೈತರ ಫೋನಿಗೆ ‘ಇವತ್ತು ನೀರು ಕಟ್ಟಿ’ ಅಥವಾ ‘ಇನ್ನೂ ನಾಲ್ಕು ದಿನ ಬೇಡ’ ಅಂತ ಸಂದೇಶ ಬರುವುದು. ಉದ್ದೇಶದಲ್ಲಿ ತಪ್ಪೇನೂ ಇಲ್ಲ. ನಮ್ಮ ಕಡೆ ನೀರು ಸಿಕ್ಕಾಗ ಜಾಸ್ತಿ ಕಟ್ಟುತ್ತೇವೆ, ಅದು ನಿಜ.

ಆ ಎರಡು ಸಂಸ್ಥೆಗಳ ಹೆಸರು ಹೇಳುವುದಿಲ್ಲ. ಹೇಳಿದರೆ ಮಾತು ಅವರ ಸುತ್ತಲೇ ಗಿರಕಿ ಹೊಡೆಯುತ್ತದೆ. ಉಳಿದವರೆಲ್ಲ ‘ನಾವು ಹಾಗಲ್ಲಪ್ಪ’ ಅಂತ ಕೈ ತೊಳೆದುಕೊಳ್ಳುತ್ತಾರೆ. ಬೇರೆ ಯೋಜನೆಗಳಲ್ಲಿ ದುಡಿದ ಗೆಳೆಯರನ್ನು ಕೇಳಿದ್ದೇನೆ. ಕುಡಿಯುವ ನೀರಿನ ಫಿಲ್ಟರ್ ಇರಲಿ, ಶಾಲೆಯ ಟ್ಯಾಬ್ಲೆಟ್ ಇರಲಿ, ಕಥೆ ಹೆಚ್ಚು ಕಡಿಮೆ ಇದೇ.

ಮೊದಲು ಗದ್ದೆಯಲ್ಲಿ ಏನಾಯಿತು ಅಂತ ಹೇಳುತ್ತೇನೆ.

ಸೆನ್ಸರ್ ಪೆಟ್ಟಿಗೆಯ ಮೇಲೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಸೋಲಾರ್ ಪ್ಯಾನೆಲ್ ಇತ್ತು. ಅದನ್ನು ಸೊಂಟದೆತ್ತರದ ಪಿವಿಸಿ ಪೈಪಿಗೆ ಕಟ್ಟಬೇಕು ಅಂತ ಆ ವಿದೇಶಿ ವಿಶ್ವವಿದ್ಯಾಲಯದಿಂದ ಸೂಚನೆ. ಅವರ ದೇಶದ ಬೆಳೆಗೆ ಅದು ಸರಿಯಿರಬಹುದು. ನಮ್ಮ ಕಬ್ಬು ಐದಾರು ತಿಂಗಳಿಗೇ ಆಳುದ್ದ ದಾಟುತ್ತದೆ. ಒಳಗೆ ಹೊಕ್ಕರೆ ಮಟಮಟ ಮಧ್ಯಾಹ್ನವೂ ನೆರಳೇ. ಪ್ಯಾನೆಲ್‌ಗೆ ಬಿಸಿಲು ಬೀಳಲಿಲ್ಲ, ಬ್ಯಾಟರಿ ಚಾರ್ಜ್ ಆಗಲಿಲ್ಲ. ಕಬ್ಬು ಭರದಿಂದ ಬೆಳೆಯುವ ಹೊತ್ತಿಗೆ ಸರಿಯಾಗಿ ಪೆಟ್ಟಿಗೆಗಳು ಒಂದೊಂದೇ ಮಲಗಿದವು. ಗದ್ದೆಯ ಯಜಮಾನರು ಪೈಪು ನೆಡುವಾಗಲೇ ಹೇಳಿದ್ದರು, ‘ಎತ್ತರದ ಗಳ ಹಾಕ್ರಪ್ಪಾ, ಕಬ್ಬು ಮುಚ್ಕೊಳ್ಳುತ್ತೆ’ ಅಂತ. ನಾನು ಅದನ್ನು ಬರೆದು ಕಳಿಸಿದೆ. ಎತ್ತರ ಬದಲಾಯಿಸಿದರೆ ಬೇರೆ ದೇಶದ ಗದ್ದೆಗಳ ಜೊತೆ ಹೋಲಿಸಲು ಆಗುವುದಿಲ್ಲ, ಅದಕ್ಕೆ ಅವರ ಕಡೆಯ ಸಮಿತಿ ಒಪ್ಪಬೇಕು ಅಂತ ಉತ್ತರ ಬಂತು. ಸಮಿತಿ ಒಪ್ಪಿತು ಕೂಡ. ಅಷ್ಟರಲ್ಲಿ ಕಬ್ಬು ಕಡಿದು ಲೋಡ್ ಆಗಿತ್ತು. ಒಂದು ಬಿದಿರು ಗಳದ ವಿಷಯ, ಸ್ವಾಮಿ!

ಇನ್ನು ನೀರಿನ ವಿಷಯ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಯಾವತ್ತು ನೀರು ಕಟ್ಟಬೇಕು ಅನ್ನುವುದು ರೈತನ ಕೈಯಲ್ಲಿಲ್ಲ. ಕನ್ನಂಬಾಡಿ ಕಟ್ಟೆಯಲ್ಲಿ, ಅಂದರೆ ಕೆಆರ್‌ಎಸ್‌ನಲ್ಲಿ, ಎಷ್ಟು ಅಡಿ ನೀರಿದೆ, ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ತಮಿಳುನಾಡಿಗೆ ಎಷ್ಟು ಬಿಡಲು ಹೇಳಿದೆ, ನಾಲೆಗೆ ಎಷ್ಟು ದಿನ ಬಿಟ್ಟು ಎಷ್ಟು ದಿನ ನಿಲ್ಲಿಸಬೇಕು ಅಂತ ಅಧಿಕಾರಿಗಳು ಗೊತ್ತು ಮಾಡಿದ್ದಾರೆ, ಇವೆಲ್ಲ ಆದ ಮೇಲೆ ನೀರು. ಕಟ್ಟೆ 124.80 ಅಡಿಯ ಪೂರ್ತಿ ಮಟ್ಟಕ್ಕೆ ತುಂಬಿದ ವರ್ಷದ ಲೆಕ್ಕವೇ ಬೇರೆ, 2023ರಂಥ ಬರದ ವರ್ಷದ ಲೆಕ್ಕವೇ ಬೇರೆ. ಆಮೇಲೆ ತೂಬು, ನೀರು ಹಂಚುವ ನೀರುಗಂಟಿ, ಮೇಲಿನ ಗದ್ದೆಯವರು, ಕೊನೆ ಭಾಗದವರು. ಬೋರ್‌ವೆಲ್ ಇದ್ದವರಿಗೂ ತ್ರೀ ಫೇಸ್ ಕರೆಂಟ್ ಬಂದ ಹೊತ್ತೇ ಹೊತ್ತು. ಇಂಥ ಕಡೆ ನಾಲೆ ನಿಂತು ವಾರವಾದಾಗ ‘ನಾಳೆ ಬೆಳಿಗ್ಗೆ ನೀರು ಕೊಡಿ’ ಅಂತ ಫೋನಿಗೆ ಸಂದೇಶ ಬರುತ್ತಿತ್ತು. ನಮ್ಮ ನೀರುಗಂಟಿ ನಕ್ಕು ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಆ ಸರ್ವರ್‌ಗೇ ಹೇಳು, ಬಂದು ತೂಬು ಎತ್ಕೊಡ್ಲಿ.’

ಇದನ್ನು ತಿಳಿಯಲು ಸಂಶೋಧನೆ ಬೇಕಿರಲಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ 1930ರ ದಶಕದಿಂದ ಇಲ್ಲೇ ಇದೆ. ಇದೇ ನಾಲೆ, ಇದೇ ಮಣ್ಣು ನೋಡಿದ ವಿಜ್ಞಾನಿಗಳು ಅಲ್ಲಿದ್ದಾರೆ. ಸಂತೆಯಲ್ಲಿ ನಿಂತು ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಕೇಳಬೇಕಾದ ಹೊತ್ತಿಗೆ ಯಾರೂ ಕೇಳಲಿಲ್ಲ, ಅಷ್ಟೇ. ನಮ್ಮ ಊರಿಗೆ ಮೊದಲ ಸಲ ಕಾರು ಬಂದಾಗ ಪೆಟ್ಟಿಗೆಯ ವಿನ್ಯಾಸ ಮುಗಿದಿತ್ತು, ಬಜೆಟ್ ಮುಗಿದಿತ್ತು, ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು ಅನ್ನುವುದೂ ಮುಗಿದಿತ್ತು. ಉಳಿದಿದ್ದು ಗದ್ದೆ ಒಂದೇ.

ಅನುದಾನ ನಿಂತ ಮೇಲಿನ ಕಥೆ ಚಿಕ್ಕದು. ಸಿಮ್‌ಗೆ ರೀಚಾರ್ಜ್ ನಿಂತಿತು. ಸರ್ವರ್ ನಿಂತಿತು. ಕೆಟ್ಟ ಪೆಟ್ಟಿಗೆ ತೆಗೆದುಕೊಂಡು ಮೈಸೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆ. ಒಳಗಿನ ಬೋರ್ಡ್‌ಗೆ ಅಂಟು ಸುರಿದು ಮುಚ್ಚಿದ್ದರು, ಪ್ರೋಗ್ರಾಂ ಲಾಕ್ ಆಗಿತ್ತು. ಅಂಗಡಿಯವರು ಸುಮ್ನೆ ವಾಪಸ್ ಕೊಟ್ಟರು. ಕೆಲವು ರೈತರು ತಮ್ಮ ಗದ್ದೆಯ ಲೆಕ್ಕವನ್ನಾದರೂ ಕೊಡಿ ಅಂತ ಕೇಳಿದರು. ಅದು ಯೋಜನೆಯ ಸ್ವತ್ತು, ಹಂಚಲು ಬರುವುದಿಲ್ಲ ಅಂತ ಉತ್ತರ ಬಂತು. ಆಮೇಲೆ ಒಂದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಲೇಖನ ಬಂತು. ದುಡ್ಡು ಕಟ್ಟದೆ ಓದುವಂತಿಲ್ಲ. ಲೇಖಕರ ಸಾಲಿನಲ್ಲಿ ನಮ್ಮ ಕಡೆಯವರ ಹೆಸರು ಒಂದು, ಅದೂ ನಡುವೆ ಎಲ್ಲೋ. ಮಳೆಯಲ್ಲಿ ನಿಂತು ಇಲಿ ಕಡಿದ ವೈರು ಜೋಡಿಸಿದ ಹುಡುಗರು ‘ಸ್ಥಳೀಯ ಸಿಬ್ಬಂದಿಗೆ ಧನ್ಯವಾದ’ ಅನ್ನುವುದರೊಳಗೆ ಮುಗಿದರು.

ಒಂದು ಮಾತು ಇಲ್ಲಿ ಹೇಳಲೇಬೇಕು. ಅಲ್ಲಿಂದ ಬಂದ ಸಂಶೋಧನಾ ವಿದ್ಯಾರ್ಥಿನಿ ಒಳ್ಳೆಯ ಹುಡುಗಿ. ನಮ್ಮ ಮನೆಯಲ್ಲಿ ಮುದ್ದೆ ಉಂಡಳು, ಗದ್ದೆಗೆ ಇಳಿದಳು, ಗಳದ ಎತ್ತರದ ಬಗ್ಗೆ ನಮ್ಮ ಪರವಾಗಿ ಮೇಲಿನವರ ಜೊತೆ ವಾದ ಮಾಡಿದಳು. ಅವಳ ಮಾತೂ ನಡೆಯಲಿಲ್ಲ. ಹಾಗಾಗಿ ಇದು ಬಿಳಿಯರು ಕೆಟ್ಟವರು, ನಾವು ಪಾಪದವರು ಅನ್ನುವ ಕಥೆ ಅಲ್ಲ. ಬೆಂಗಳೂರಿನಿಂದ, ದೆಹಲಿಯಿಂದ ಬಂದವರೂ ಇದೇ ಥರ ನಡೆದುಕೊಂಡಿದ್ದನ್ನು ಕಂಡಿದ್ದೇನೆ.

ಕೊನೆಗೆ ನನಗೆ ಒಪ್ಪಂದದ ಪ್ರತಿ ನೋಡಲು ಸಿಕ್ಕಿತು. ಓದಿದ ಮೇಲೆ ನನ್ನ ಸಿಟ್ಟು ಅವರ ಮೇಲಿಂದ ಇಳಿದು ನಿಮ್ಮ ಕಡೆ ತಿರುಗಿತು. ಎಲ್ಲ ಮಾಹಿತಿಯೂ ವಿನ್ಯಾಸವೂ ಮುಖ್ಯ ಸಂಸ್ಥೆಯದ್ದು, ಅಂದರೆ ಅವರದ್ದು. ನಮ್ಮ ಸಂಸ್ಥೆ ಪಾಠಕ್ಕೆ ಬಳಸಿಕೊಳ್ಳಬಹುದು. ವಿಧಾನದಲ್ಲಿ ಏನೇ ಬದಲಾವಣೆ ಇದ್ದರೂ ಅವರ ಲಿಖಿತ ಒಪ್ಪಿಗೆ ಬೇಕು. ವ್ಯಾಜ್ಯ ಬಂದರೆ ಅವರ ದೇಶದ ಕೋರ್ಟು. ಹಣದಲ್ಲಿ ದೊಡ್ಡ ಪಾಲು ಅವರ ಸಂಬಳ, ಪ್ರಯಾಣ, ಆಡಳಿತ ವೆಚ್ಚಕ್ಕೆ. ರಿಪೇರಿಗೆ ಅಂತ ಒಂದು ಸಾಲೂ ಇಲ್ಲ. ಇಷ್ಟರ ಕೆಳಗೆ ನಮ್ಮವರ ಸಹಿ, ಮೊಹರು. ಒಂದು ತಿದ್ದುಪಡಿಯನ್ನೂ ಕೇಳಿರಲಿಲ್ಲ ಅಂತ ಕಚೇರಿಯವರೇ ಹೇಳಿದರು. ಸಹಿಯ ದಿನ ಶಾಲು, ಮೈಸೂರು ಪೇಟ, ಫೋಟೊ ಎಲ್ಲ ಆಗಿತ್ತು. ಮರುದಿನ ಪೇಪರಿನಲ್ಲೂ ಬಂದಿತ್ತು.

ನಾನು ಹೇಳಬೇಕಾಗಿದ್ದು ಇದೇ. ಗದ್ದೆಯಲ್ಲಿ ನಾವು ಪಟ್ಟ ಪಾಡೆಲ್ಲ ಆ ಕಾಗದದಲ್ಲಿ ಮೊದಲೇ ಬರೆದಿತ್ತು. ಅದನ್ನು ತಡೆಯುವ ಶಕ್ತಿ ಇದ್ದದ್ದು ನಮ್ಮ ಕಡೆ ಒಬ್ಬರಿಗೇ. ಅವರು ಪೆನ್ನು ಹಿಡಿದವರು.

‘ಹಠ ಹಿಡಿದರೆ ಹಣ ಬೇರೆ ಕಡೆ ಹೋಗುತ್ತದೆ’ ಅಂತ ನೀವು ಹೇಳಬಹುದು. ಈ ಮಾತು ನಾನು ಬಹಳ ಕೇಳಿದ್ದೇನೆ. ಆದರೆ ಅವರ ಅರ್ಜಿಗೆ ಅನುದಾನ ಸಿಗುವುದು ಅದರಲ್ಲಿ ‘ಬಡ ದೇಶದ ಸಣ್ಣ ರೈತರು’ ಅಂತ ಇರುವುದರಿಂದಲೇ, ಅಲ್ವಾ? ನಮ್ಮ ಗದ್ದೆ ಇಲ್ಲದೆ ಅವರ ಯೋಜನೆಯೇ ಇಲ್ಲ. ಕೇಳುವ ಜಾಗದಲ್ಲಿ ನಾವಿದ್ದೇವೆ, ಕೇಳುತ್ತಿಲ್ಲ.

ಗಟ್ಟಿಯಾಗಿ ನಿಂತು ಬೇಡ ಅಂದ ಉದಾಹರಣೆಗಳು ನಮ್ಮ ದೇಶದಲ್ಲೇ ಇವೆ. 2005ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನಿಕೊಲಾಸ್ ನೆಗ್ರೊಪಾಂಟೆ ಬಡ ದೇಶದ ಶಾಲಾ ಮಕ್ಕಳಿಗಾಗಿ ‘ನೂರು ಡಾಲರ್ ಲ್ಯಾಪ್‌ಟಾಪ್’ ಪ್ರಕಟಿಸಿದಾಗ ಜಗತ್ತೆಲ್ಲ ಚಪ್ಪಾಳೆ ತಟ್ಟಿತು. 2006ರಲ್ಲಿ ನಮ್ಮ ಮಾನವ ಸಂಪನ್ಮೂಲ ಸಚಿವಾಲಯ ಬೇಡ ಅಂದಿತು. ಆಗ ಬೈದವರು ಬಹಳ ಮಂದಿ. ಲ್ಯಾಪ್‌ಟಾಪ್ ತಯಾರಾದಾಗ ಬೆಲೆ ಹೆಚ್ಚು ಕಡಿಮೆ ಎರಡರಷ್ಟಾಗಿತ್ತು. ಪೆರು ದೇಶ ಲಕ್ಷಗಟ್ಟಲೆ ಕೊಂಡಿತು. ಅಲ್ಲಿಯ ಶಾಲೆಗಳಲ್ಲಿ ಅಂತರ-ಅಮೆರಿಕ ಅಭಿವೃದ್ಧಿ ಬ್ಯಾಂಕ್ ನಡೆಸಿದ ಅಧ್ಯಯನ 2012ರಲ್ಲಿ ಬಂತು. ಗಣಿತ, ಭಾಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಫೇಸ್‌ಬುಕ್‌ನವರು ಬಡವರಿಗಾಗಿ ಅಂತ ಕೆಲವೇ ಜಾಲತಾಣ ಪುಕ್ಕಟೆ ತೋರಿಸುವ ‘ಫ್ರೀ ಬೇಸಿಕ್ಸ್’ ತಂದಾಗಲೂ ಹಾಗೇ. ಯಾವ ಜಾಲತಾಣ ಪುಕ್ಕಟೆ ಅನ್ನುವುದರಲ್ಲಿ ಅವರ ಮಾತೇ ನಡೆಯಬೇಕಿತ್ತು. 2016ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಅಂಥ ತಾರತಮ್ಯದ ದರಗಳನ್ನೇ ನಿಷೇಧಿಸಿತು. ಬೇಡ ಅಂದದ್ದಕ್ಕೆ ನಮ್ಮ ಹಳ್ಳಿಗಳಿಗೆ ಇಂಟರ್ನೆಟ್ ಬರುವುದು ನಿಂತಿತೇ?

ಕೈಪಂಪಿನ ವಿಷಯ ಕೇಳಿ. ಆಫ್ರಿಕಾದ ದಕ್ಷಿಣದ ದೇಶಗಳಲ್ಲಿ ‘ಪ್ಲೇಪಂಪ್’ ಅಂತ ಒಂದು ಬಂತು. ಮಕ್ಕಳು ತಿರುಗುಣಿಯಲ್ಲಿ ಆಡಿದರೆ ನೀರು ಮೇಲೆ ಬರುತ್ತದೆ. ಚಂದದ ಯೋಚನೆ. 2006ರಲ್ಲಿ ಅಮೆರಿಕದಲ್ಲಿ ಅದಕ್ಕೆ 1.64 ಕೋಟಿ ಡಾಲರ್ ಘೋಷಣೆಯಾಯಿತು. ಮಕ್ಕಳು ದಿನವಿಡೀ ಆಡುತ್ತಾರೆಯೇ? ಹೆಂಗಸರೇ ಬಗ್ಗಿ ಆ ಚಕ್ರ ತಿರುಗಿಸಬೇಕಾಯಿತು. ಕೆಟ್ಟರೆ ಊರಿನವರು ರಿಪೇರಿ ಮಾಡುವಂತಿರಲಿಲ್ಲ. ಕೆಲವು ಕಡೆ ಸರಿಯಿದ್ದ ಹಳೆಯ ಪಂಪು ಕಿತ್ತು ಇದನ್ನು ಹಾಕಿದ್ದರು. ನಾಲ್ಕೇ ವರ್ಷದಲ್ಲಿ ಆ ಹುರುಪೆಲ್ಲ ಇಳಿದುಹೋಯಿತು. ಈಗ ನಮ್ಮೂರ ಶಾಲೆಯ ಮುಂದಿನ ಬೋರಿಂಗ್ ಕೈಪಂಪು ನೋಡಿ. ಅದು ಇಂಡಿಯಾ ಮಾರ್ಕ್ 2. ಅದರಲ್ಲೂ ಹೊರಗಿನ ಪಾಲು ಇತ್ತು, ಯುನಿಸೆಫ್ ಇತ್ತು. ಆದರೆ ಅದಕ್ಕೆ ಆಧಾರವಾದದ್ದು ಸೊಲ್ಲಾಪುರದಲ್ಲಿ ಆಗಲೇ ಕೆಲಸ ಮಾಡುತ್ತಿದ್ದ ಪಂಪು. 1970ರ ದಶಕದಲ್ಲಿ ಅದನ್ನು ಇಲ್ಲೇ ತಿದ್ದಿದರು, ಇಲ್ಲೇ ಪರೀಕ್ಷಿಸಿದರು. ವಿನ್ಯಾಸಕ್ಕೆ ಪೇಟೆಂಟ್ ಇಡಲಿಲ್ಲ, ಯಾವ ಕಾರ್ಖಾನೆ ಬೇಕಾದರೂ ಮಾಡಬಹುದಿತ್ತು. ಇಂದು ಆಫ್ರಿಕಾದ ಎಷ್ಟೋ ಊರುಗಳಲ್ಲಿ ಇದೇ ಪಂಪಿದೆ.

ನಮ್ಮ ಜಿಲ್ಲೆಯಲ್ಲೇ ಇದಕ್ಕಿಂತ ಹಳೆಯ ಪಾಠ ಇದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟ್ ಶುರುವಾದಾಗ ವಿದ್ಯುತ್ ಯಂತ್ರಗಳು ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ಕರೆಂಟ್ ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಗಣಿ ನಡೆಸುತ್ತಿದ್ದವರು ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿಯವರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಜಲಪಾತದ ಸದ್ದು ಕೇಳುವ ಹಳ್ಳಿಗಳು ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು. ಅದು ಅನ್ಯಾಯವೇ. ಆದರೂ ಬ್ರಿಟಿಷರ ಕಾಲದಲ್ಲೇ ಮೈಸೂರು ಸರ್ಕಾರ ಒಂದನ್ನು ಕೈಬಿಡಲಿಲ್ಲ. ವಿದ್ಯುತ್ ಕೇಂದ್ರ ಸಂಸ್ಥಾನದ್ದೇ ಆಗಿತ್ತು, ಗಣಿಯವರು ದುಡ್ಡು ಕೊಟ್ಟು ಕರೆಂಟ್ ಕೊಳ್ಳಬೇಕಿತ್ತು. ಸ್ವತಂತ್ರ ದೇಶದ ಸಂಸ್ಥೆಗಳು ಇವತ್ತು ಅಷ್ಟನ್ನೂ ಕೇಳದೆ ಬಿಟ್ಟುಕೊಡುತ್ತಿವೆ.

ಹೊರಗಿನವರು ಬರಲೇಬಾರದು ಅಂತ ನಾನು ಹೇಳುತ್ತಿಲ್ಲ. ಮಂಡ್ಯದವರು ಹಾಗೆ ಹೇಳಿದರೆ ಕೃತಘ್ನತೆ. ಕೆನಡಾದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರಿಗೆ ಬಂದರು. 1934ರವರೆಗೆ ಇಲ್ಲಿ ಕೆಲಸ ಮಾಡಿದರು. ನಾಲೆಯ ನೀರು ಬಂದ ಮೇಲೆ ಇಲ್ಲಿ ಕಬ್ಬು ಬೆಳೆಸಿ, 1933ರಲ್ಲಿ ಮೈಶುಗರ್ ಸಕ್ಕರೆ ಕಾರ್ಖಾನೆ ಹುಟ್ಟಲು ದುಡಿದವರು ಅವರು. ಅದಕ್ಕೂ ಮುಂಚೆ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಹೊಂದಿಸಿದರು. ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ. ಇಲ್ಲಿಯ ಜಡಿಮಳೆಗೆ ತೊಳೆದು ಹೋಗದ ಹಾಗೆ ಅದಕ್ಕೆ ಅಂಟು ಬೇಕಿತ್ತು. ತೋಟದಲ್ಲಿ ನಿಂತು ಅದನ್ನು ಸರಿಪಡಿಸಿದರು. ಏನೇನು ಬೇಕು ಅದಕ್ಕೆ? ಮೈಲುತುತ್ತ, ಸುಣ್ಣ, ನೀರು, ಒಂದು ಡ್ರಮ್ಮು. ಸಾಗರದ ಅಂಗಡಿಯಲ್ಲಿ ತಂದು ಮನೆಯಂಗಳದಲ್ಲಿ ಕಲಸಿಕೊಳ್ಳಬಹುದು. ನೂರು ವರ್ಷ ದಾಟಿದರೂ ಅಡಿಕೆ ತೋಟದಲ್ಲಿ ಅದನ್ನೇ ಹೊಡೆಯುತ್ತಿದ್ದಾರೆ. ಕೋಲ್ಮನ್ ಸರ್ಕಾರದ ಸಂಬಳದಲ್ಲಿದ್ದರು, ಮೈಸೂರಿಗೆ ಉತ್ತರ ಹೇಳಬೇಕಿತ್ತು. ವ್ಯತ್ಯಾಸ ಇರುವುದು ಇಲ್ಲೇ ಅಂತ ನನ್ನ ಅನಿಸಿಕೆ.

ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಷಯವೂ ನೆನಪಿಗೆ ಬರುತ್ತದೆ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಸಂಸ್ಥೆ. ಮಕ್ಕಳ ಹಾಲಿನ ಪುಡಿಯನ್ನು ಹಸುವಿನ ಹಾಲಿನಿಂದಲೇ ಮಾಡಬೇಕು ಅಂತ ಎಲ್ಲರೂ ನಂಬಿದ್ದಾಗ ಎಮ್ಮೆ ಹಾಲಿನಿಂದ ಮಾಡಿ ತೋರಿಸಿತು. ಅಮುಲ್‌ನವರು ಅದನ್ನು ಮಾರುಕಟ್ಟೆಗೆ ತಂದರು. 1960ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ ಜೊತೆ ಕೈಜೋಡಿಸಿ ಏಷ್ಯಾ, ಆಫ್ರಿಕಾದವರಿಗೆ ಅಲ್ಲೇ ತರಬೇತಿ ಕೊಡಲು ಶುರು ಮಾಡಿತು. ನೆರವು ಹೊರಗಿನದು, ಪಾಠ ನಮ್ಮವರದು. ಹೀಗೂ ಆಗುತ್ತದೆ.

ಈಗ ನನ್ನ ಬೇಡಿಕೆಗಳು.

ಸಹಿ ಹಾಕುವ ಮುಂಚೆ ಕರಡನ್ನು ಕನ್ನಡದಲ್ಲಿ, ಯಾವ ಊರಿನಲ್ಲಿ ಯೋಜನೆ ನಡೆಯುತ್ತದೋ ಆ ಊರಿನ ಗ್ರಾಮಸಭೆಯಲ್ಲಿ ಓದಿಸಿ. ಪಂಚಾಯಿತಿ ಒಪ್ಪಿಗೆ ಅಂತ ಒಂದು ಠಸ್ಸೆ ಹಾಕಿಸಿಕೊಂಡು ಬರುವುದಲ್ಲ. ಕೂತು ಓದಬೇಕು, ನೀರುಗಂಟಿ ಪ್ರಶ್ನೆ ಕೇಳಬೇಕು, ಅಲ್ಲಿ ಹೇಳಿದ್ದು ಕರಡಿಗೆ ಸೇರಬೇಕು. ಇದೊಂದು ಆದರೆ ಉಳಿದದ್ದು ಅರ್ಧ ತಾನಾಗೇ ಸರಿಹೋಗುತ್ತದೆ.

ಗಳದ ಎತ್ತರದಂಥ ವಿಷಯಗಳನ್ನು ಇಲ್ಲಿಯವರೇ ತೀರ್ಮಾನಿಸುವ ಹಕ್ಕು ಒಪ್ಪಂದದಲ್ಲಿ ಇರಲಿ. ಅನುದಾನ ಮುಗಿದ ಮೇಲೂ ಕೆಲವು ವರ್ಷ ರಿಪೇರಿಗೆ ಹಣ ತೆಗೆದಿಡಲಿ. ಉಪಕರಣದ ನಕ್ಷೆ, ಪ್ರೋಗ್ರಾಂ ಎರಡೂ ನಮ್ಮ ಐಟಿಐ ಹುಡುಗರ ಕೈಗೆ ಸಿಗಲಿ. ಅಂಟು ಸುರಿದ ಬೋರ್ಡ್ ಬಂದರೆ ಬಾಗಿಲಲ್ಲೇ ವಾಪಸ್ ಕಳಿಸಿ. ಮಾಹಿತಿಯ ಒಂದು ಪೂರ್ತಿ ಪ್ರತಿ ಇಲ್ಲಿರಲಿ, ರೈತ ಕೇಳಿದರೆ ಅವನ ಗದ್ದೆಯದ್ದು ಅವನಿಗೆ ಸಿಗಲಿ. ಕೆಲಸ ಮಾಡಿದವರ ಹೆಸರು ಲೇಖನದಲ್ಲಿ ಬರಲಿ.

ಇದೆಲ್ಲ ಕೇಳಿದರೆ ಅವರು ಮುಖ ಗಂಟಿಕ್ಕುತ್ತಾರೆ ಅನ್ನುವ ಅಂಜಿಕೆ ಬೇಡ. ಬಡ ದೇಶಗಳಲ್ಲಿ ನಡೆಯುವ ಸಂಶೋಧನೆಗಾಗಿ 2018ರಲ್ಲಿ ಬಂದ ‘ಟ್ರಸ್ಟ್’ ಅನ್ನುವ ನೀತಿಸಂಹಿತೆ ಇದನ್ನೇ ಹೇಳುತ್ತದೆ. ಸಂಶೋಧನೆ ಎಲ್ಲಿ ನಡೆಯುತ್ತದೋ ಅಲ್ಲಿಯ ಜನ ಯೋಜನೆ ಮಾಡುವ ಹಂತದಿಂದಲೇ ಜೊತೆಗಿರಬೇಕು ಅಂತ. ಯುರೋಪಿಯನ್ ಕಮಿಷನ್ ತನ್ನ ಅನುದಾನಗಳಿಗೆ ಅದನ್ನು ಆಧಾರವಾಗಿ ಇಟ್ಟುಕೊಂಡಿದೆ. 2022ರಲ್ಲಿ ಕೇಪ್ ಟೌನ್‌ನಲ್ಲಿ ನಡೆದ ಸಂಶೋಧನಾ ಪ್ರಾಮಾಣಿಕತೆಯ ವಿಶ್ವ ಸಮ್ಮೇಳನದಿಂದ ಬಂದ ಹೇಳಿಕೆಯೂ ಇದೇ ದಾರಿಯದ್ದು. ಅಂದರೆ ಅವರೇ ಒಪ್ಪಿದ ನಿಯಮವನ್ನು ಅವರ ಮುಂದಿಟ್ಟು ಕೇಳುವುದು. ಆರೋಗ್ಯ ಸಂಶೋಧನೆಗೆ ವಿದೇಶಿ ಸಹಯೋಗ ಬಂದರೆ ಪರಿಶೀಲಿಸಲು ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮೂಲಕ ನಡೆಯುವ ಸಮಿತಿ ಇದೆ. ನಿಮ್ಮ ಸಂಸ್ಥೆಯೊಳಗೂ ಅಂಥದ್ದೊಂದನ್ನು ಮಾಡಿಕೊಳ್ಳಿ. ಅದರಲ್ಲಿ ವಕೀಲರೊಬ್ಬರು, ಎಲೆಕ್ಟ್ರಾನಿಕ್ಸ್ ಗೊತ್ತಿರುವವರೊಬ್ಬರು, ಅಚ್ಚುಕಟ್ಟಿನ ರೈತರಿಬ್ಬರು ಇದ್ದರೆ ಸಾಕು.

ನಾನು ಕೆಲಸ ಮಾಡಿದ ಯೋಜನೆಯ ಬಗ್ಗೆ ಇನ್ನೊಂದು ಕೋರಿಕೆ ಉಳಿದಿದೆ. ಸಂಬಂಧಪಟ್ಟವರು ಈ ಪತ್ರ ಓದಿದರೆ ಅವರಿಗೇ ಗೊತ್ತಾಗುತ್ತದೆ. ಪೆಟ್ಟಿಗೆಗಳು ಬದುಕಿದ್ದಷ್ಟು ದಿನ ದಾಖಲಾದ ತೇವಾಂಶದ ಲೆಕ್ಕವನ್ನು ಆಯಾ ರೈತರಿಗೆ ಕಾಗದದಲ್ಲಿ ಅಚ್ಚು ಹಾಕಿಸಿ ಕೊಡಿಸಿ. ಕಡಿದ ಕಬ್ಬಿನ ಬುಡದಿಂದಲೇ ಮತ್ತೆ ಬೆಳೆ ಬರಲಿ ಅಂತ ಕೂಳೆ ಬಿಟ್ಟವರು ಕೆಲವರಿದ್ದಾರೆ, ಹೊಸದಾಗಿ ನಾಟಿ ಮಾಡುವವರೂ ಇದ್ದಾರೆ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಬೇಗ ಆರುತ್ತದೆ ಅನ್ನುವುದು ಅವರಿಗೆ ಈಗಲೂ ಉಪಯೋಗಕ್ಕೆ ಬರುತ್ತದೆ. ಗದ್ದೆಗಳಲ್ಲಿ ಉಳಿದಿರುವ ಪೆಟ್ಟಿಗೆಗಳನ್ನು ತೆಗೆಸಿಕೊಂಡು ಹೋಗಿ. ಒಳಗೆ ಬ್ಯಾಟರಿ ಇದೆ, ಉಳುವಾಗ ಟ್ರ್ಯಾಕ್ಟರಿಗೆ ಸಿಕ್ಕಿ ಒಡೆದರೆ ಮಣ್ಣಿಗೆ ಸೇರುತ್ತದೆ.

ಉತ್ತರವನ್ನು ಬಹಿರಂಗವಾಗಿಯೇ ಕೊಡಿ ಅಂತ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಮಾಜಿ ಕ್ಷೇತ್ರ ಸಹಾಯಕ
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ